ಲೀಟರ್ ತೂಕ 520, ಲ್ಯಾಬ್ ಕಾಗದದಲ್ಲಿ 0.52, ಫಾರಂಗೆ ಎಷ್ಟು ಬರೆಯಬೇಕು?

ಬಳ್ಳಿ ಮೆಣಸು, ಮೂಡಿಗೆರೆ:

ಮೊದಲೇ ಹೇಳಿಬಿಡುತ್ತೇನೆ, ಯಾರೂ ನಗಬೇಡಿ. ಈ ಸಲ ಕಾಳುಮೆಣಸನ್ನು ಊರಿನ ಮಂಡಿಗೆ ಹಾಕದೆ ಬೆಂಗಳೂರಿನ ಒಬ್ಬ ಖರೀದಿದಾರರಿಗೆ ನೇರವಾಗಿ ಕೊಡೋಣ ಅಂತ ಹೊರಟೆ. ಮಂಡಿಯವರು ಸ್ಯಾಂಪಲ್ ನೋಡಿ ಚೀಟಿಯಲ್ಲಿ "ಲೀಟರ್ ತೂಕ 520" ಅಂತ ಬರೆದುಕೊಟ್ಟಿದ್ದರು. ಅಕ್ಕನ ಮಗಳು ಅದೇ ಮೆಣಸನ್ನು ಲ್ಯಾಬಿಗೆ ಕೊಟ್ಟಳು, ಅಲ್ಲಿಂದ ಬಂದ ಕಾಗದದಲ್ಲಿ "0.52 ಗ್ರಾಂ/ಮಿ.ಲೀ." ಅಂತ ಇತ್ತು. ಬೆಂಗಳೂರಿನವರ ಫಾರಂನಲ್ಲಿ ಕೇಳಿದ್ದು "ಕೆ.ಜಿ./ಘನ ಮೀಟರ್". ಮೂರು ಜನ, ಮೂರು ಯೂನಿಟ್ಟು.

ಸರಿ, ಕೂತು ಲೆಕ್ಕ ಹಾಕಿದೆ. ಗ್ರಾಂ ಇದ್ದದ್ದನ್ನು ಕೆ.ಜಿ. ಮಾಡಬೇಕು, ಸಾವಿರದಿಂದ ಭಾಗಿಸಿದೆ, 0.00052 ಬಂತು. ಮಿ.ಲೀ. ಅಂದರೆ ಘನ ಸೆಂಟಿಮೀಟರ್, ಅಷ್ಟು ಗೊತ್ತಿತ್ತು. ಮೀಟರಿಗೆ 100 ಸೆಂಟಿಮೀಟರ್ ಅಲ್ವಾ, 100ರಿಂದ ಗುಣಿಸಿದೆ. 0.052. ಬರೆದು ಕಳಿಸಿದೆ. ಸಂಜೆ ಫೋನ್ ಬಂತು. "ಸಾರ್, ಇದು ಮೆಣಸಾ, ಗ್ಯಾಸಾ?" ಅಂದರು. ಎಲ್ಲಿ ತಪ್ಪಿದೆ ಯಾರಾದರೂ ಬಿಡಿಸಿ ಹೇಳಿ.

ಇನ್ನೊಂದು ವಿಷಯ. ಮನೆಯಲ್ಲಿ ಲೀಟರ್ ಅಳತೆ ಪಾತ್ರೆಯಲ್ಲಿ ಅದೇ ಮೆಣಸು ತುಂಬಿ ತೂಗಿದೆ, 571 ಗ್ರಾಂ ಬಂತು. ಮಂಡಿಯಲ್ಲಿ 520. ಐವತ್ತು ಗ್ರಾಂ ಎಲ್ಲಿಗೆ ಹೋಯಿತು? ನನಗಂತೂ ಅನುಮಾನ ಶುರುವಾಗಿದೆ.

ಲೆಕ್ಕದ ಮೇಷ್ಟ್ರು, ಹಾಸನ:

ನಗುವುದಿಲ್ಲ ಸಾರ್. ಆದರೆ ಹೈಡ್ರೋಜನ್ ಅನಿಲವೇ ಘನ ಮೀಟರಿಗೆ ಸುಮಾರು 0.09 ಕೆ.ಜಿ. ತೂಗುತ್ತದೆ. ನೀವು ಬರೆದದ್ದು 0.052. ಚೀಲದ ಬಾಯಿ ಬಿಚ್ಚಿದ್ದರೆ ನಿಮ್ಮ ಮೆಣಸು ಚಾರ್ಮಾಡಿ ದಾಟಿ ಹಾರಿಹೋಗಬೇಕಿತ್ತು. ಅವರು ಗ್ಯಾಸಾ ಅಂತ ಕೇಳಿದ್ದು ಸರಿಯಾಗೇ ಇದೆ!

ತಪ್ಪಿದ್ದು ಒಂದೇ ಕಡೆ. ನಮ್ಮ ಒಂಬತ್ತನೇ ತರಗತಿಯಲ್ಲಿ ಅರ್ಧ ಜನ ತಪ್ಪುವುದೂ ಅಲ್ಲೇ. ಉದ್ದಕ್ಕೆ 100 ಸರಿ. ಘನಕ್ಕೆ 100 ಅಲ್ಲ. ಮನೆ ಮೇಲಿನ 1000 ಲೀಟರ್ ನೀರಿನ ಟ್ಯಾಂಕ್ ನೆನಪು ಮಾಡಿಕೊಳ್ಳಿ. ಅದರೊಳಗಿನ ಜಾಗ ಒಂದು ಘನ ಮೀಟರ್. ಅಷ್ಟೇ ಜಾಗದ ಒಂದು ಚೌಕ ಪೆಟ್ಟಿಗೆಯಲ್ಲಿ ಒಂದು ಸೆಂಟಿಮೀಟರಿನ ದಾಳಗಳನ್ನು ಜೋಡಿಸುತ್ತಾ ಹೋಗಿ. ಒಂದು ಸಾಲಿಗೆ 100. ತಳ ಪೂರ್ತಿ ಮುಚ್ಚಲು 100 ಸಾಲು, ಅಂದರೆ 10,000. ಮೇಲಿನ ತನಕ ತುಂಬಲು ಅಂಥ 100 ಪದರ. ಒಟ್ಟು 10 ಲಕ್ಷ ದಾಳ. ನಿಮ್ಮ ಲ್ಯಾಬಿನವರು ಹೇಳಿದ್ದು ಒಂದೊಂದು ದಾಳದ ಜಾಗದಲ್ಲೂ 0.52 ಗ್ರಾಂ ಮೆಣಸು ಅಂತ. 10 ಲಕ್ಷ ದಾಳಕ್ಕೆ 5,20,000 ಗ್ರಾಂ, ಅಂದರೆ 520 ಕೆ.ಜಿ. ಫಾರಂಗೆ 520 ಅಂತ ಬರೆಯಿರಿ.

ಮಂಡಿಯವರ 520 ಕೂಡ ಇದೇ. ಅವರದ್ದು ಲೀಟರಿಗೆ ಗ್ರಾಂ. ಲೀಟರ್ ಸಾವಿರ ಪಟ್ಟಾದರೆ ಘನ ಮೀಟರ್, ಗ್ರಾಂ ಸಾವಿರ ಪಟ್ಟಾದರೆ ಕೆ.ಜಿ. ಮೇಲೂ ಸಾವಿರ ಕೆಳಗೂ ಸಾವಿರ, ಅಂಕಿ ಅಲ್ಲಾಡುವುದೇ ಇಲ್ಲ. ಹಾಗೇನೇ ಗ್ರಾಂ/ಮಿ.ಲೀ., ಕೆ.ಜಿ./ಲೀಟರ್, ಟನ್/ಘನ ಮೀಟರ್ ಮೂರಕ್ಕೂ ಒಂದೇ ಅಂಕಿ, ನಿಮಗೆ 0.52. ಮೊದಲ ಗುಂಪಿನಿಂದ ಎರಡನೆಯದಕ್ಕೆ ಬರಲು ಸಾವಿರದಿಂದ ಭಾಗಿಸಿ, ವಾಪಸ್ ಹೋಗಲು ಗುಣಿಸಿ. ಇಷ್ಟೇ ವಿದ್ಯೆ.

ಅನುಮಾನ ಬಂದರೆ ನೀರಿನ ಮೇಲೆ ಪರೀಕ್ಷೆ ಮಾಡಿ. ಲೀಟರಿಗೆ 1 ಕೆ.ಜಿ., ಘನ ಮೀಟರಿಗೆ 1000 ಕೆ.ಜಿ. ನಿಮ್ಮ ಸೂತ್ರಕ್ಕೆ ನೀರು ಹಾಕಿದಾಗ 1000 ಬರದಿದ್ದರೆ ಸೂತ್ರ ಬಿಸಾಕಿ.

ಕ್ಯಾನ್ ಲೆಕ್ಕ, ಚನ್ನರಾಯಪಟ್ಟಣ:

ಮೇಷ್ಟ್ರೇ, ನೀರು ಬಿಡಿ, ಹಾಲಿನ ಕತೆ ಕೇಳಿ. ನಾನು ಹಳ್ಳಿಯ ಹಾಲಿನ ಸಂಘದಲ್ಲಿ ಬೆಳಗ್ಗೆ ಸಂಜೆ ಕೂರುವವನು. ನಮ್ಮಲ್ಲಿ ಹಾಲು ತೂಗುವುದು ಕೆ.ಜಿ.ಯಲ್ಲಿ, ಪುಸ್ತಕಕ್ಕೆ ಬರೆಯುವುದು ಲೀಟರಿನಲ್ಲಿ. ಹಾಲು ನೀರಿಗಿಂತ ಸ್ವಲ್ಪ ಭಾರ, ಲೀಟರಿಗೆ 1.028, 1.030 ಕೆ.ಜಿ. ಹತ್ತಿರ. ಹಾಗಾಗಿ ತಕ್ಕಡಿಯಲ್ಲಿ 10.3 ಕೆ.ಜಿ. ಇದ್ದರೆ ಪುಸ್ತಕಕ್ಕೆ 10 ಲೀಟರ್. ಇದನ್ನು ಹೊಸಬರಿಗೆ ಅರ್ಥ ಮಾಡಿಸುವಷ್ಟರಲ್ಲಿ ಹಾಲು ಒಡೆದಿರುತ್ತದೆ. "ನನ್ನ ಮುನ್ನೂರು ಗ್ರಾಂ ತಿಂದುಬಿಟ್ರಿ" ಅಂತ ಒಬ್ಬಜ್ಜಿ ವಾರಕ್ಕೊಮ್ಮೆ ಜಗಳ ತೆಗೆಯುತ್ತಾರೆ. ಒಂದು ದಿನ ಅವರದೇ ಚೊಂಬಿನಲ್ಲಿ ಒಂದು ಲೀಟರ್ ನೀರು, ಒಂದು ಲೀಟರ್ ಹಾಲು ಬೇರೆ ಬೇರೆ ತೂಗಿ ತೋರಿಸಿದೆ. ಹಾಲು 29 ಗ್ರಾಂ ಜಾಸ್ತಿ ಬಂತು. ಒಪ್ಪಿದರು, ಆದರೆ ಮುಂದಿನ ವಾರ ಮತ್ತೆ ಅದೇ ಜಗಳ.

ಹಾಲಿನಲ್ಲಿ ತೇಲಿಬಿಟ್ಟು ನೋಡುವ ಲ್ಯಾಕ್ಟೋಮೀಟರಿನಲ್ಲಿ 28 ಅಂತ ಬಂದರೆ ಅದು 1.028. ಘನ ಮೀಟರಿಗೆ 102.8 ಕೆ.ಜಿ. ಆಯಿತು ಅಲ್ವಾ?

ಲೆಕ್ಕದ ಮೇಷ್ಟ್ರು, ಹಾಸನ:

1028 ಸಾರ್. 102.8 ಆದರೆ ನಿಮ್ಮ ಹಾಲು ಥರ್ಮಾಕೋಲ್ ಜಾತಿಗೆ ಹತ್ತಿರ ಬರುತ್ತದೆ.

ಕ್ಯಾನ್ ಲೆಕ್ಕ, ಚನ್ನರಾಯಪಟ್ಟಣ:

ಆಯ್ತು ಆಯ್ತು, ಬೆಳಗ್ಗೆ ನಾಲ್ಕೂವರೆಗೆ ಎದ್ದವನು, ಒಂದು ಸೊನ್ನೆ ಜಾರಿತು. 1028.

ಆದರೆ ಲ್ಯಾಕ್ಟೋಮೀಟರ್ ಒಂದನ್ನೇ ನಂಬಿ ಕೂತರೂ ಮೋಸ ಹೋಗುತ್ತೀರಿ. ನೀರು ಹಾಕಿದರೆ ಅಂಕಿ ಇಳಿಯುತ್ತದೆ, ಸರಿ. ಕೆನೆ ತೆಗೆದರೆ ಏರುತ್ತದೆ, ಯಾಕಂದರೆ ಕೊಬ್ಬು ಹಗುರ. ಕೆನೆನೂ ತೆಗೆದು ನೀರೂ ಹಾಕಿದರೆ ಅಂಕಿ ಮೊದಲಿನ ಜಾಗಕ್ಕೇ ಬಂದು ಕೂರುತ್ತದೆ! ಅದಕ್ಕೇ ಫ್ಯಾಟ್ ಪರೀಕ್ಷೆ ಜೊತೆಗಿರಬೇಕು.

ಗೋಣಿಚೀಲ, ಸಕಲೇಶಪುರ:

ಮೆಣಸಿನವರ ಎರಡನೇ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ, ನಾನು ಹೇಳುತ್ತೇನೆ. ಹದಿನೈದು ವರ್ಷ ಮೆಣಸು ಖರೀದಿ ಅಂಗಡಿಯಲ್ಲೇ ಕೆಲಸ ಮಾಡಿದ್ದೇನೆ, ಹಾಗಾಗಿ ಸ್ವಲ್ಪ ಮಂಡಿ ಪಕ್ಷ ಅಂತ ಬೈದರೂ ಪರವಾಗಿಲ್ಲ.

ನೀವು ಪಾತ್ರೆ ತುಂಬುವಾಗ ಏನು ಮಾಡಿದಿರಿ? ಕುಲುಕಿದಿರಾ? ನೆಲಕ್ಕೆ ಕುಟ್ಟಿದಿರಾ? ಮೇಲೆ ಗೋಪುರದ ಥರ ಬಿಟ್ಟಿರಾ? ಕುಲುಕಿದರೆ ಕಾಳಿನ ಸಂದಿಗೆ ಕಾಳು ಇಳಿದು ಇನ್ನಷ್ಟು ಹಿಡಿಯುತ್ತದೆ. ಅಂಗಡಿಯಲ್ಲಿ ಮಾಡುವ ಕ್ರಮ ಹೀಗೆ: ಒಂದು ಲೀಟರ್ ಡಬ್ಬಿ, ಮೇಲೆ ಆಲಿಕೆ. ಆಲಿಕೆಯಿಂದ ಒಂದೇ ಎತ್ತರದಿಂದ ಕಾಳು ತಾನಾಗಿ ಸುರಿಯಬೇಕು. ಡಬ್ಬಿ ಮುಟ್ಟಬಾರದು, ತಟ್ಟಬಾರದು. ತುಂಬಿ ಹೊರಚೆಲ್ಲಿದ ಮೇಲೆ ಮರದ ಪಟ್ಟಿಯಿಂದ ಬಾಯಿ ಸವರಬೇಕು, ಒತ್ತದೆ. ಆಮೇಲೆ ತೂಕ. ಮೂರು ಸಲ ಮಾಡಿ ಸರಾಸರಿ. ಒಂದೇ ಚೀಲದ ಮೆಣಸು, ಒಬ್ಬ ಸುರಿದರೆ 520, ಇನ್ನೊಬ್ಬ ಕುಟ್ಟಿ ತುಂಬಿದರೆ 540 ದಾಟುವುದು ನಾನೇ ನೋಡಿದ್ದೇನೆ.

ಇನ್ನು 520 ಕಡಿಮೆಯಾ ಅಂದರೆ, ವ್ಯಾಪಾರದಲ್ಲಿ 500, 550 ಅಂತ ಲೀಟರ್ ತೂಕದ ಮೇಲೇ ದರ್ಜೆ ಹೇಳುತ್ತಾರೆ. ವಿಯೆಟ್ನಾಂ ಮೆಣಸೂ ಇದೇ ಅಂಕಿಯ ಮೇಲೆ ಮಾರಾಟ ಆಗುವುದು. ಬಲಿಯದ ಗೊಂಚಲು ಕೊಯ್ದರೆ, ಜೊಳ್ಳು ಪಿನ್‌ಹೆಡ್ (ಸೂಜಿತಲೆಯಷ್ಟು ಸಣ್ಣ ಕಾಳು) ತೂರದೆ ಬಿಟ್ಟರೆ ಅಂಕಿ ಇಳಿಯುತ್ತದೆ. ಒಂದು ಸಲ ಚೆನ್ನಾಗಿ ತೂರಿ, ಜರಡಿ ಹಿಡಿದು ಮತ್ತೆ ಅಳೆಯಿರಿ.

ಬಳ್ಳಿ ಮೆಣಸು, ಮೂಡಿಗೆರೆ:

ಕುಲುಕಿದೆ ಮಾರಾಯ್ರೆ. ಕುಟ್ಟಿಯೂ ಇದ್ದೆ. ನನ್ನ ಮೆಣಸು ಅಂದರೆ ಜಾಸ್ತಿ ತೂಗಲಿ ಅಂತ ಆಸೆ ಇರುವುದಿಲ್ವಾ.

ಆದರೂ ಕುಲುಕಿದ್ದಕ್ಕೇ 50 ಗ್ರಾಂ ಅಂದರೆ ಜಾಸ್ತಿ ಅನ್ನಿಸುತ್ತದೆ. ಭಾನುವಾರ ಆಲಿಕೆ ಹುಡುಕಿ ಮತ್ತೆ ಮಾಡುತ್ತೇನೆ.

ಜಲ್ಲಿ ಮರಳು, ಹಾಸನ:

ಇಲ್ಲಿ ಒಂದು ಮಾತು ಸೇರಿಸಬೇಕು. "ಮೆಣಸಿನ ಸಾಂದ್ರತೆ 0.52" ಅಂತ ಎಲ್ಲರೂ ಬರೆಯುತ್ತಿದ್ದೀರಿ. ಹಾಗಾದರೆ ಮೆಣಸಿನ ಕಾಳು ನೀರಿನ ಮೇಲೆ ತೇಲಬೇಕು. ಬಲಿತ ಕಾಳನ್ನು ಬಕೆಟ್ ನೀರಿಗೆ ಹಾಕಿ ನೋಡಿ, ಮುಳುಗುತ್ತದೆ. ತೇಲುವುದು ಜೊಳ್ಳು. ಅಂದರೆ ಕಾಳಿನ ಸಾಂದ್ರತೆ ಒಂದಕ್ಕಿಂತ ಜಾಸ್ತಿ. 0.52 ಅನ್ನುವುದು ಕಾಳಿನದ್ದಲ್ಲ, ಕಾಳು ಮತ್ತು ಸಂದಿಯ ಗಾಳಿ ಎರಡೂ ಸೇರಿದ ರಾಶಿಯದ್ದು. ನಮ್ಮ ಕಡೆ ಬಲ್ಕ್ ಡೆನ್ಸಿಟಿ ಅನ್ನುತ್ತೇವೆ. ಯೂನಿಟ್ ಎರಡಕ್ಕೂ ಒಂದೇ, ಅದಕ್ಕೇ ಗೊಂದಲ.

ಮರಳಿನಲ್ಲಂತೂ ಇದು ದುಡ್ಡಿನ ವಿಷಯ. ಒಬ್ಬರು ಟನ್ ಲೆಕ್ಕದಲ್ಲಿ ಕೊಡುತ್ತಾರೆ, ಇನ್ನೊಬ್ಬರು ಘನ ಅಡಿ ಲೆಕ್ಕ. ಮರಳಿನ ರಾಶಿ ಸಾಂದ್ರತೆ ಘನ ಮೀಟರಿಗೆ ಸುಮಾರು 1600 ಕೆ.ಜಿ. ಅಂತ ಹಿಡಿದರೆ 100 ಘನ ಅಡಿ, ಅಂದರೆ 2.83 ಘನ ಮೀಟರ್, ನಾಲ್ಕೂವರೆ ಟನ್ ಆಗುತ್ತದೆ. ಆದರೆ ಮಳೆಗಾಲದ ಮರಳು ನೋಡಿ. ಸ್ವಲ್ಪ ಒದ್ದೆಯಾದರೆ ಹರಳಿನ ಸುತ್ತ ನೀರಿನ ಪೊರೆ ಕಟ್ಟಿ ಹರಳುಗಳು ದೂರ ಸರಿಯುತ್ತವೆ, ಮರಳು ಉಬ್ಬುತ್ತದೆ. ಸಣ್ಣ ಮರಳಾದರೆ ಗಾತ್ರ ಕಾಲು ಭಾಗದಷ್ಟು ಜಾಸ್ತಿ ಆಗುವುದೂ ಉಂಟು. ಆಗ ಘನ ಅಡಿ ಲೆಕ್ಕದಲ್ಲಿ ಕೊಂಡವನಿಗೆ ಗಾಳಿ, ಟನ್ ಲೆಕ್ಕದಲ್ಲಿ ಕೊಂಡವನಿಗೆ ನೀರು. ಎರಡರಲ್ಲೂ ಲಾಸ್, ಟನ್ನಿನಲ್ಲಿ ಸ್ವಲ್ಪ ಕಡಿಮೆ.

ಆಸಕ್ತಿ ಇದ್ದವರಿಗೆ: ಸಿಮೆಂಟು ಘನ ಮೀಟರಿಗೆ 1440 ಕೆ.ಜಿ. ಅಂತ ಹಿಡಿಯುವುದು ರೂಢಿ. 50 ಕೆ.ಜಿ. ಚೀಲ 34.7 ಲೀಟರ್. ಸೈಟಿನಲ್ಲಿ ಮರಳು ಅಳೆಯುವ ಮರದ ಪೆಟ್ಟಿಗೆಯನ್ನು 35 ಲೀಟರಿಗೆ ಮಾಡಿಸುವುದು ಅದಕ್ಕೇ.

ಟೆನ್ ವೀಲ್, ಅರಸೀಕೆರೆ:

ಘನ ಅಡಿ ಅಂದರೆ 35.3 ಲೀಟರ್ ಅಲ್ವಾ? ನಮ್ಮ ಓನರ್ ಹಾಗೇ ಲೆಕ್ಕ ಹಾಕುತ್ತಾರೆ.

ಜಲ್ಲಿ ಮರಳು, ಹಾಸನ:

ಅಲ್ಲ ಅಣ್ಣ. ಒಂದು ಘನ ಮೀಟರಿಗೆ 35.3 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್. ನಿಮ್ಮ ಓನರ್ ಎರಡನ್ನೂ ಕಲೆಸಿಬಿಟ್ಟಿದ್ದಾರೆ. ಲೋಡ್ ಕೊಡುವಾಗ ಹೀಗೆ ಲೆಕ್ಕ ಹಾಕುತ್ತಾರೋ, ತಗೊಳ್ಳುವಾಗಲೋ, ಅದನ್ನು ವಿಚಾರಿಸಿ.

ಟೆನ್ ವೀಲ್, ಅರಸೀಕೆರೆ:

😀 ಕೊಡುವಾಗ ಇರಬೇಕು.

ಡೀಸೆಲ್ ಬಗ್ಗೆ ನನಗೂ ಒಂದು ಹಳೇ ಜಗಳ ಇದೆ. ಬಂಕಿನಲ್ಲಿ ಡೆನ್ಸಿಟಿ ಅಂತ ಬೋರ್ಡಿನಲ್ಲಿ ಬರೆದಿರುತ್ತಾರೆ, ಬಿಲ್ಲಿನಲ್ಲೂ ಬರುತ್ತದೆ. ಹೆದ್ದಾರಿಯ ಒಂದು ಬಂಕಿನಲ್ಲಿ 832 ಅಂತ ಇತ್ತು. ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಅನುಮಾನ ಬಂದು ಅಳೆದು ತೋರಿಸಿ ಅಂದೆ. ಹುಡುಗ ಮೊದಲು ಮುಖ ತಿರುಗಿಸಿದ, ಆಮೇಲೆ ಮ್ಯಾನೇಜರ್ ಬಂದು ಜಾರ್ ತಂದರು. ಗಾಜಿನ ಜಾರಿನಲ್ಲಿ ಅರ್ಧ ಲೀಟರ್ ಡೀಸೆಲ್, ಅದರೊಳಗೆ ಹೈಡ್ರೋಮೀಟರ್ (ತೇಲಿ ಸಾಂದ್ರತೆ ತೋರಿಸುವ ಗಾಜಿನ ಕಡ್ಡಿ) ಬಿಟ್ಟರು. 0.821 ತೋರಿಸಿತು. ನಾನು ಬಿಡಲಿಲ್ಲ, "832 ಎಲ್ಲಿ, 821 ಎಲ್ಲಿ, ಸೀಮೆಎಣ್ಣೆ ಹಾಕಿದ್ದೀರಿ" ಅಂತ ಕೂಗಾಡಿದೆ. ಅವರು ಒಂದು ಪುಸ್ತಕ ತೆಗೆದು ಏನೋ ತೋರಿಸಿದರು, ನನಗೆ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.

ಲ್ಯಾಬ್ ಅಕ್ಕ, ಚಿಕ್ಕಮಗಳೂರು:

ಅಣ್ಣ, ಅವರು ನಿಮಗೆ ಮೋಸ ಮಾಡಿರಲಿಲ್ಲ ಅನ್ನಿಸುತ್ತದೆ. ಬೋರ್ಡಿನ 832 ಅಂದರೆ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕೆ.ಜಿ./ಘನ ಮೀಟರ್. ಜಾರಿನ 0.821 ಅಂದರೆ ಅವತ್ತಿನ ಬಿಸಿಲಿನಲ್ಲಿ, ಗ್ರಾಂ/ಮಿ.ಲೀ. ಯೂನಿಟ್ ಬದಲಿಸಿದರೆ 821. ಡೀಸೆಲ್ ಬಿಸಿಯಾದರೆ ಉಬ್ಬುತ್ತದೆ, ಒಂದು ಡಿಗ್ರಿಗೆ ಸುಮಾರು 0.7 ಕೆ.ಜಿ. ಇಳಿಯುತ್ತದೆ. ಡೀಸೆಲ್ 30 ಡಿಗ್ರಿ ಇತ್ತು ಅಂದುಕೊಳ್ಳಿ, 15 ಡಿಗ್ರಿ ವ್ಯತ್ಯಾಸಕ್ಕೆ ಹತ್ತು ಹನ್ನೊಂದು ಕೆ.ಜಿ. ಆಯಿತು. 821ಕ್ಕೆ ಅದನ್ನು ಕೂಡಿಸಿ, 832ಕ್ಕೇ ಬಂತು. ಅವರು ತೋರಿಸಿದ ಪುಸ್ತಕ ಈ ಪರಿವರ್ತನೆಯ ಪಟ್ಟಿ. ಜಾರಿನೊಳಗೆ ಥರ್ಮಾಮೀಟರ್ ಇಟ್ಟು, ಓದಿದ್ದನ್ನು 15 ಡಿಗ್ರಿಗೆ ತಂದು, ಆಮೇಲೆ ಹೋಲಿಸಬೇಕು. ಆಗ 3 ಕೆ.ಜಿ.ಗಿಂತ ಜಾಸ್ತಿ ಹೆಚ್ಚುಕಡಿಮೆ ಬಂದರೆ ಜಗಳ ಮಾಡಿ, ನಾನೂ ಬರುತ್ತೇನೆ.

ನಮ್ಮ ಲ್ಯಾಬಿನಲ್ಲೂ ಇದೇ ಯೂನಿಟ್ ಕಾಟ. ಹಿಮೋಗ್ಲೋಬಿನ್ 12 ಗ್ರಾಂ/ಡೆಸಿಲೀಟರ್ ಅಂತ ಕೊಡುತ್ತೇವೆ. ಮಗ ಹೊರದೇಶದಲ್ಲಿರುವ ಒಬ್ಬರು ಅಲ್ಲಿನ ರಿಪೋರ್ಟ್ ತಂದು "ನನಗೆ 120 ಇದೆ, ರಕ್ತ ಜಾಸ್ತಿ ಆಗಿದೆಯಾ" ಅಂತ ಗಾಬರಿಯಾಗಿದ್ದರು. ಅಲ್ಲಿ ಲೀಟರಿಗೆ ಗ್ರಾಂ ಬರೆದಿದ್ದರು. ಡೆಸಿಲೀಟರ್ ಅಂದರೆ ಲೀಟರಿನ ಹತ್ತನೇ ಒಂದು ಭಾಗ, ಹತ್ತರಿಂದ ಗುಣಿಸಿದರೆ ಮುಗಿಯಿತು. ಇದು ಸಾಂದ್ರತೆ ಅಲ್ಲ, ಒಂದು ಲೀಟರ್ ರಕ್ತದಲ್ಲಿ ಆ ಒಂದು ವಸ್ತು ಎಷ್ಟು ಬೆರೆತಿದೆ ಅನ್ನುವ ಲೆಕ್ಕ. ಆದರೂ ಯೂನಿಟ್ ಬದಲಿಸುವ ರೀತಿ ಅದೇ.

ಔಷಧಿ ಅಂಗಡಿ, ಆಲ್ದೂರು:

ಅಕ್ಕ ಹೇಳಿದ ಆ ವ್ಯತ್ಯಾಸ ತೋಟದವರಿಗೆ ದಿನಾ ಬೇಕಾಗುತ್ತದೆ. ಇಮಿಡಾಕ್ಲೋಪ್ರಿಡ್ ಕೀಟನಾಶಕದ ಬಾಟ್ಲಿ ತಗೊಳ್ಳಿ. ಒಂದರ ಮೇಲೆ "17.8 ಪರ್ಸೆಂಟ್" ಅಂತ ಇರುತ್ತದೆ, ಇನ್ನೊಂದರ ಮೇಲೆ "200" ಅಂತ ದೊಡ್ಡದಾಗಿ. ಗಿರಾಕಿಗಳು 200 ಅಂದರೆ ಸ್ಟ್ರಾಂಗ್ ಅಂತ ಅದನ್ನೇ ಕೇಳುತ್ತಾರೆ. ಎರಡೂ ಒಂದೇ. ಲೀಟರಿಗೆ 200 ಗ್ರಾಂ ಅಂದರೆ ಶೇಕಡಾ 20 ಆಗಬೇಕಿತ್ತಲ್ಲ ಅಂತ ನಾನೂ ಎಷ್ಟೋ ದಿನ ತಲೆ ಕೆಡಿಸಿಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಪರ್ಸೆಂಟ್ ಹೇಳಿರುವುದು ತೂಕದ ಮೇಲೆ. ಆ ದ್ರಾವಣ ಒಂದು ಲೀಟರ್ ತೂಗುವುದು 1000 ಗ್ರಾಂ ಅಲ್ಲ, ಸುಮಾರು 1124 ಗ್ರಾಂ. ಅದರ 17.8 ಪರ್ಸೆಂಟ್ ತೆಗೆಯಿರಿ, 200 ಬರುತ್ತದೆ. ನಾನು ಅಂಗಡಿ ತಕ್ಕಡಿಯಲ್ಲಿ ತೂಗಿಯೂ ನೋಡಿದ್ದೇನೆ, ಬಾಟ್ಲಿ ತೂಕ ಕಳೆದು.

ಸುಣ್ಣ ಮೈಲುತುತ್ತದಲ್ಲಿ ಈ ತಲೆನೋವಿಲ್ಲ. 100 ಲೀಟರಿಗೆ ಒಂದು ಕೆ.ಜಿ. ಮೈಲುತುತ್ತ, ಲೀಟರಿಗೆ 10 ಗ್ರಾಂ, ಒಂದು ಪರ್ಸೆಂಟ್ ಬೋರ್ಡೊ. ಅಷ್ಟು ತೆಳು ದ್ರಾವಣದಲ್ಲಿ ಲೀಟರನ್ನು ಕೆ.ಜಿ. ಅಂತಲೇ ಹಿಡಿದರೂ ನಡೆಯುತ್ತದೆ.

ಅಡ್ಡದಾರಿ, ಬೇಲೂರು:

ಇಷ್ಟೆಲ್ಲಾ ಯಾಕೆ, ಮೊಬೈಲಿನಲ್ಲಿ ಕನ್ವರ್ಟರ್ ಇದೆ, ಒಂದು ಸೆಕೆಂಡ್. ಸುಮ್ನೆ ತಲೆ ತಿನ್ನುತ್ತಿದ್ದೀರಿ.

ಲೆಕ್ಕದ ಮೇಷ್ಟ್ರು, ಹಾಸನ:

ಅದು 0.52 ಹಾಕಿದರೆ 520 ಕೊಡುತ್ತದೆ, ನಿಜ. ನೀವು 5.2 ಅಂತ ಒತ್ತಿದರೆ 5200 ಅಂತಲೂ ಅಷ್ಟೇ ಗಂಭೀರವಾಗಿ ಕೊಡುತ್ತದೆ. 5200 ಅಂದರೆ ಗ್ರಾನೈಟಿನ ಎರಡು ಪಟ್ಟು. ಮೆಣಸು ಅಷ್ಟು ಭಾರ ಇರಲ್ಲ ಅಂತ ಮೊಬೈಲಿಗೆ ಗೊತ್ತಿಲ್ಲ, ನಿಮಗೆ ಗೊತ್ತಿರಬೇಕು.

ಹುಡುಗರಿಗೆ ನಾನು ಅಂದಾಜು ಬರಲಿ ಅಂತ ಕಲ್ಲು ತೂಗಿಸುತ್ತೇನೆ. ಕಳೆದ ವರ್ಷ ಒಬ್ಬ ಹುಡುಗ ಹಳೇಬೀಡಿನ ಕಡೆಯಿಂದ ಒಂದು ತುಂಡು ಬಳಪದ ಕಲ್ಲು ತಂದಿದ್ದ (ಹೊಲದಲ್ಲಿ ಸಿಕ್ಕಿದ್ದು, ದೇವಸ್ಥಾನದ್ದಲ್ಲ, ಮೊದಲು ಅದನ್ನೇ ವಿಚಾರಿಸಿದೆ). ತೂಕ 540 ಗ್ರಾಂ. ಅಳತೆ ಜಾಡಿಯಲ್ಲಿ 300 ಮಿ.ಲೀ. ನೀರಿತ್ತು, ದಾರ ಕಟ್ಟಿ ಕಲ್ಲು ಇಳಿಸಿದಾಗ 495ಕ್ಕೆ ಏರಿತು. 540ನ್ನು 195ರಿಂದ ಭಾಗಿಸಿ, 2.77. ಘನ ಮೀಟರಿಗೆ 2770 ಕೆ.ಜಿ. ಆ ಹುಡುಗ ಕೇಳಿದ, "ಸಾರ್, ಉಗುರಲ್ಲಿ ಕೆರೆದರೆ ಗೀರು ಬೀಳುವಷ್ಟು ಮೆತ್ತಗಿದೆ, ಗ್ರಾನೈಟ್ ಗಟ್ಟಿ, ಆದರೆ ಇದೇ ಭಾರ, ಹೇಗೆ?" ಗ್ರಾನೈಟ್ 2.65ರ ಆಸುಪಾಸು. ಗಟ್ಟಿತನ ಬೇರೆ, ಸಾಂದ್ರತೆ ಬೇರೆ ಅಂತ ಪಾಠ ಮಾಡುವ ಕೆಲಸವನ್ನು ಅವನೇ ಮುಗಿಸಿಬಿಟ್ಟ.

ಜಲ್ಲಿ ಮರಳು, ಹಾಸನ:

ಮೇಷ್ಟ್ರೇ, ಕಬ್ಬಿಣದ ಸೂತ್ರವನ್ನೂ ಹುಡುಗರಿಗೆ ಹೇಳಿ, ಖುಷಿಪಡುತ್ತಾರೆ. ಬಾರ್ ಬೆಂಡರುಗಳೆಲ್ಲ ಬಾಯಿಪಾಠ ಮಾಡಿರುತ್ತಾರೆ: ಕಂಬಿಯ ಎಂ.ಎಂ. ವರ್ಗ ಮಾಡಿ 162ರಿಂದ ಭಾಗಿಸು, ಮೀಟರಿಗೆ ಎಷ್ಟು ಕೆ.ಜಿ. ಅಂತ ಬರುತ್ತದೆ. 12 ಎಂ.ಎಂ. ಕಂಬಿಗೆ 144 ಭಾಗಿಸು 162, ಮೀಟರಿಗೆ 0.89 ಕೆ.ಜಿ., 12 ಮೀಟರಿನ ಪೂರ್ತಿ ಕಂಬಿ 10.7 ಕೆ.ಜಿ. ಈ 162 ಎಲ್ಲಿಂದ ಬಂತು ಅಂತ ಕೇಳಿದರೆ ಎಂಜಿನಿಯರುಗಳೂ ಆಕಾಶ ನೋಡುತ್ತಾರೆ.

ಒಂದು ಚದರ ಎಂ.ಎಂ. ದಪ್ಪ, ಒಂದು ಮೀಟರ್ ಉದ್ದದ ತಂತಿ ಊಹಿಸಿಕೊಳ್ಳಿ. ಅದರ ಗಾತ್ರ ಸರಿಯಾಗಿ ಒಂದು ಘನ ಸೆಂಟಿಮೀಟರ್. ಉಕ್ಕು ಘನ ಮೀಟರಿಗೆ 7850 ಕೆ.ಜಿ., ಅಂದರೆ ಘನ ಸೆಂಟಿಮೀಟರಿಗೆ 7.85 ಗ್ರಾಂ. ಆ ತಂತಿ 7.85 ಗ್ರಾಂ. ಕಂಬಿ ದುಂಡಗಿರುವುದರಿಂದ ವ್ಯಾಸದ ವರ್ಗವನ್ನು 0.785ರಿಂದ (ಪೈನ ಕಾಲು ಭಾಗ) ಗುಣಿಸಬೇಕು. ಎರಡೂ ಗುಣಿಸಿ, 6.16 ಗ್ರಾಂ ಚಿಲ್ಲರೆ. ಸಾವಿರವನ್ನು ಅದರಿಂದ ಭಾಗಿಸಿ, 162. ಸಾಂದ್ರತೆ ಅದರೊಳಗೇ ಅಡಗಿ ಕೂತಿದೆ.

ತುಡುವೆ ಜೇನು, ಕೊಪ್ಪ:

ನನ್ನದೂ ಒಂದು ಸೇರಿಸಿಕೊಳ್ಳಿ. ಮನೆಯಲ್ಲಿ ತುಡುವೆ ಪೆಟ್ಟಿಗೆ ಇಟ್ಟಿದ್ದೇವೆ, ಜೇನು ಮಾರುತ್ತೇವೆ. ಒಬ್ಬರು ಮೇಡಂ ಒಂದು ಕೆ.ಜಿ. ಜೇನು ತಗೊಂಡು ಹೋದವರು ರಾತ್ರಿ ಫೋಟೋ ಕಳಿಸಿದರು. ಲೀಟರ್ ಬಾಟ್ಲಿಗೆ ಸುರಿದುಕೊಂಡಿದ್ದಾರೆ, ಮುಕ್ಕಾಲೂ ತುಂಬಿಲ್ಲ. "ಕಾಲು ಭಾಗ ಕಡಿಮೆ ಕೊಟ್ಟಿದ್ದೀರಿ" ಅಂತ. ಜೇನು ಲೀಟರಿಗೆ 1.4 ಕೆ.ಜಿ. ತೂಗುತ್ತದೆ, ಒಂದು ಕೆ.ಜಿ. ಅಂದರೆ 714 ಮಿ.ಲೀ. ಮಾತ್ರ ಅಂತ ಬರೆದೆ. ನಂಬಲಿಲ್ಲ. ಅಡುಗೆಮನೆ ತಕ್ಕಡಿಯಲ್ಲಿ ತೂಗಿ ನೋಡಿ ಅಂದೆ. ಅರ್ಧ ಗಂಟೆ ಬಿಟ್ಟು "ಸರಿ ಇದೆ" ಅಂತ ಎರಡೇ ಪದ ಬಂತು.

ಅಡುಗೆ ಎಣ್ಣೆಯಲ್ಲಿ ಇದು ಉಲ್ಟಾ. ಲೀಟರ್ ಪ್ಯಾಕೆಟ್ ಮೇಲೆ 910 ಗ್ರಾಂ ಅಂತ ಇರುತ್ತದೆ ನೋಡಿ. ಮೋಸ ಅಲ್ಲ, ಎಣ್ಣೆ ಹಗುರ. ಈಗ ಎಣ್ಣೆ ಪ್ಯಾಕೆಟ್ ಕೊಳ್ಳುವಾಗ ನಾನು ಲೀಟರ್ ನೋಡುವುದೇ ಇಲ್ಲ, ಗ್ರಾಂ ನೋಡಿ ಬೆಲೆ ಹೋಲಿಸುತ್ತೇನೆ.

ಹಳೇ ರೈಟರು, ಬಾಳೆಹೊನ್ನೂರು:

ಎಸ್ಟೇಟಿನಲ್ಲಿ ಮೂವತ್ತು ವರ್ಷ ರೈಟರ್ (ಲೆಕ್ಕ ಬರೆಯುವವ) ಆಗಿದ್ದೆ. ಸಾಂದ್ರತೆ ಅನ್ನುವ ಪದ ನಾವು ಯಾರೂ ಹೇಳಿದ್ದಿಲ್ಲ, ಆದರೆ ಡಿಸೆಂಬರಿನಿಂದ ಮಾರ್ಚ್ ತನಕ ಅದೇ ಕೆಲಸ. ಕಾಫಿ ಒಣಗಿತೋ ಇಲ್ಲವೋ ನೋಡಲು ಫೋರ್ಲಿಟ್ ಅಂತ 40 ಲೀಟರಿನ ಪೆಟ್ಟಿಗೆ ಇರುತ್ತದೆ. ಕಣದಲ್ಲಿ ಒಣಗಿದ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದ, ಒಳಹೊಟ್ಟು ಇರುವ ಬೀಜ) ಅದಕ್ಕೆ ತುಂಬಿ, ಬಾಯಿ ಸವರಿ ತೂಗುವುದು. ಇವತ್ತು ಹದಿನಾರು ಚಿಲ್ಲರೆ, ನಾಳೆ ಇನ್ನೂರು ಗ್ರಾಂ ಕಡಿಮೆ, ನಾಡಿದ್ದು ಇನ್ನೂ ಕಡಿಮೆ. ಎರಡು ದಿನ ಸತತ ಒಂದೇ ತೂಕ ಬಂದರೆ ಒಣಗಿತು ಅಂತ ಚೀಲ ಕಟ್ಟಿಸುವುದು. ನಮ್ಮ ತೋಟದ ಅರೇಬಿಕಾ 15.6 ಕೆ.ಜಿ.ಗೆ ನಿಲ್ಲುತ್ತಿತ್ತು. ನಿಮ್ಮ ಲೆಕ್ಕಕ್ಕೆ ಹಾಕಿದರೆ 40ರಿಂದ ಭಾಗಿಸಿ 0.39, ಘನ ಮೀಟರಿಗೆ 390 ಕೆ.ಜಿ. ನೋಡಿ, ಇಷ್ಟು ವರ್ಷ ಆದಮೇಲೆ ಈಗ ಗೊತ್ತಾಯಿತು ನನಗೆ.

ಅದಕ್ಕೂ ಹಿಂದೆ ಮನೆಯಲ್ಲಿ ಸೇರು, ಬಳ್ಳ, ಕೊಳಗ. ಅವೆಲ್ಲ ಗಾತ್ರದ ಅಳತೆ. ಸೇರು ರಾಗಿಗೂ ಸೇರು ಹುಚ್ಚೆಳ್ಳಿಗೂ ತೂಕ ಒಂದಲ್ಲ ಅಂತ ನಮ್ಮಮ್ಮನಿಗೆ ಕೈಯಲ್ಲೇ ಗೊತ್ತಿತ್ತು. 1962ರ ಹೊತ್ತಿಗೆ ಕೆ.ಜಿ. ಕಡ್ಡಾಯ ಆಯಿತು, ಆದರೂ ಕಣಜದ ಹತ್ತಿರ ಕೊಳಗ ಬಹಳ ವರ್ಷ ಹೋಗಲಿಲ್ಲ.

ಮೆಣಸಿನವರಿಗೆ ಒಂದು ಮಾತು. ನಾವು ಪ್ರತಿ ವರ್ಷ ಕೊಯ್ಲಿಗೆ ಮೊದಲು ಫೋರ್ಲಿಟ್ ಪೆಟ್ಟಿಗೆಯನ್ನೇ ಅಳೆಯುತ್ತಿದ್ದೆವು. ಮರದ್ದಾದರೆ ಉಬ್ಬಿರುತ್ತದೆ, ತಗಡಿನದ್ದಾದರೆ ಜಜ್ಜಿರುತ್ತದೆ. ನಿಮ್ಮ ಲೀಟರ್ ಪಾತ್ರೆ ನಿಜವಾಗಿ ಲೀಟರಾ?

ಬಳ್ಳಿ ಮೆಣಸು, ಮೂಡಿಗೆರೆ:

ಅಯ್ಯೋ, ಅದನ್ನು ಯೋಚಿಸಿಯೇ ಇರಲಿಲ್ಲ. ಅದು ಹಾಲು ಅಳೆಯುವ ಅಲ್ಯೂಮಿನಿಯಂ ಪಾತ್ರೆ, ಅಜ್ಜಿಯ ಕಾಲದ್ದು. ಹೇಗೆ ಅಳೆಯುವುದು?

ಲೆಕ್ಕದ ಮೇಷ್ಟ್ರು, ಹಾಸನ:

ಖಾಲಿ ಪಾತ್ರೆ ತೂಗಿ. ಕಂಠ ಪೂರ್ತಿ ನೀರು ತುಂಬಿ ಮತ್ತೆ ತೂಗಿ. ವ್ಯತ್ಯಾಸ ಗ್ರಾಂನಲ್ಲಿ ಎಷ್ಟೋ, ಪಾತ್ರೆ ಹೆಚ್ಚುಕಡಿಮೆ ಅಷ್ಟೇ ಮಿ.ಲೀ. ತೀರಾ ಸೂಕ್ಷ್ಮ ಬೇಕಿದ್ದರೆ 27 ಡಿಗ್ರಿಯ ನೀರು ಘನ ಮೀಟರಿಗೆ 996.5 ಕೆ.ಜಿ., ಹಾಗಾಗಿ 0.9965ರಿಂದ ಭಾಗಿಸಿ. ನೀರು ಸರಿಯಾಗಿ ಸಾವಿರ ಆಗುವುದು 4 ಡಿಗ್ರಿಯ ಹತ್ತಿರ ಮಾತ್ರ.

(ಲೀಟರ್ ಅನ್ನುವುದೇ ಒಂದು ಕಾಲದಲ್ಲಿ ಹೀಗೆ ನೀರಿನ ಮೇಲೆ ನಿಂತಿತ್ತು. 1901ರಿಂದ 1964ರ ತನಕ ಒಂದು ಕೆ.ಜಿ. ನೀರು ಹಿಡಿಯುವ ಜಾಗವೇ ಲೀಟರ್ ಅಂತ ಇತ್ತು, ಆಗ ಅದು 1000 ಘನ ಸೆಂಟಿಮೀಟರಿಗಿಂತ ಕೂದಲೆಳೆಯಷ್ಟು ಜಾಸ್ತಿ, 1000.028. ಆಮೇಲೆ ನೇರವಾಗಿ ಸಾವಿರ ಅಂತ ಮಾಡಿದರು.)

ಟೆನ್ ವೀಲ್, ಅರಸೀಕೆರೆ:

ಮೇಷ್ಟ್ರೇ, ಒಂದು ಅಡ್ಡ ಪ್ರಶ್ನೆ. ಗೊರೂರು ಡ್ಯಾಂ ತುಂಬಿದಾಗ ನೀರು ಎಷ್ಟು ಲೋಡ್ ಆಗುತ್ತದೆ?

ಲೆಕ್ಕದ ಮೇಷ್ಟ್ರು, ಹಾಸನ:

ಹೇಮಾವತಿ ಜಲಾಶಯ 37.1 ಟಿಎಂಸಿ. ಒಂದು ಟಿಎಂಸಿ 100 ಕೋಟಿ ಘನ ಅಡಿ, ಅಂದರೆ 2.83 ಕೋಟಿ ಘನ ಮೀಟರ್. ನೀರಾದ್ದರಿಂದ ಅಷ್ಟೇ ಟನ್. ಒಟ್ಟು ಸುಮಾರು 105 ಕೋಟಿ ಟನ್. ನಿಮ್ಮ ಲಾರಿಗೆ ಎಷ್ಟು ಟ್ರಿಪ್ ಅಂತ ಓನರ್ ಹತ್ತಿರ ಲೆಕ್ಕ ಹಾಕಿಸಬೇಡಿ.

ಬಳ್ಳಿ ಮೆಣಸು, ಮೂಡಿಗೆರೆ:

ಭಾನುವಾರ ಆಯಿತು, ವರದಿ ಒಪ್ಪಿಸುತ್ತೇನೆ.

ಪಾತ್ರೆಗೆ ಕಂಠ ಪೂರ್ತಿ ನೀರು ತುಂಬಿ ತೂಗಿದೆ. ನೀರೇ 1045 ಗ್ರಾಂ! ಮೇಷ್ಟ್ರು ಹೇಳಿದ ಹಾಗೆ 0.9965ರಿಂದ ಭಾಗಿಸಿದರೆ 1049 ಮಿ.ಲೀ. ಅಂದರೆ ನಮ್ಮ ಲೀಟರು ಲೀಟರೇ ಅಲ್ಲ, 49 ಮಿ.ಲೀ. ಜಾಸ್ತಿ. ಸರಿಯಾಗಿ ನೋಡಿದರೆ ಕಂಠಕ್ಕಿಂತ ಒಂದು ಬೆರಳು ಕೆಳಗೆ ಸವೆದುಹೋದ ಗೆರೆ ಇದೆ, ಅದು ಲೀಟರ್ ಗೆರೆ. ನಾನು ಅದನ್ನು ಕಂಡೇ ಇರಲಿಲ್ಲ.

ಆಮೇಲೆ ಗೋಣಿಚೀಲದವರು ಹೇಳಿದಂತೆ ಆಲಿಕೆಯಿಂದ ಸುರಿದೆ. ಸೀಮೆಎಣ್ಣೆ ಹಾಕುವ ಹಳೇ ಆಲಿಕೆ, ಎರಡು ಸಲ ತೊಳೆದು ಒಣಗಿಸಿದ್ದು. ಪಾತ್ರೆ ಮುಟ್ಟಲಿಲ್ಲ. ಬಾಯಿ ಸವರಿದೆ. ಮೂರು ಸಲದ ಸರಾಸರಿ 549 ಗ್ರಾಂ. 1.049ರಿಂದ ಭಾಗಿಸಿದರೆ 523. ಮಂಡಿಯವರದ್ದು 520. ಮೂರು ಗ್ರಾಂಗೆ ನಾನು ಯಾರ ಮೇಲೂ ಅನುಮಾನ ಪಡುವುದಿಲ್ಲ. ಮಂಡಿಯವರಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದ್ದೇನೆ, ಎದುರಿಗೆ ಹೇಳುವ ಧೈರ್ಯ ಇಲ್ಲ. ಬೆಂಗಳೂರಿನವರ ಫಾರಂಗೆ 520 ಅಂತ ಬರೆದು ಮತ್ತೆ ಕಳಿಸಿದ್ದೇನೆ.

ಗೋಣಿಚೀಲ, ಸಕಲೇಶಪುರ:

ಎದುರಿಗೇ ಹೇಳಿ, ಒಂದು ಕಾಫಿ ಕುಡಿಸುತ್ತಾರೆ.

ಕ್ಯಾನ್ ಲೆಕ್ಕ, ಚನ್ನರಾಯಪಟ್ಟಣ:

ಅಲ್ಲ ಸಾರ್, ಆ ಪಾತ್ರೆಯಲ್ಲಿ ಹಾಲು ಅಳೆದು ಯಾರಿಗಾದರೂ ಮಾರುತ್ತಿದ್ದಿರಾ?

ಬಳ್ಳಿ ಮೆಣಸು, ಮೂಡಿಗೆರೆ:

ಅಕ್ಕಪಕ್ಕದ ನಾಲ್ಕು ಮನೆಗೆ, ಇಪ್ಪತ್ತು ವರ್ಷದಿಂದ. ಅಜ್ಜಿಗೆ ವಿಷಯ ಹೇಳಿದೆ. "ಗೆರೆ ನನಗೆ ಗೊತ್ತಿತ್ತು ಕಣೋ, ಗೆರೆ ತನಕ ಹಾಕಿದರೆ ಪಾತ್ರೆ ತುಂಬಿದ ಹಾಗೆ ಕಾಣುವುದಿಲ್ಲ, ಚೆನ್ನಾಗಿರಲ್ಲ ಅಂತ ತುಂಬಿ ಹಾಕುತ್ತಿದ್ದೆ" ಅಂದರು. ಮತ್ತೆ ನನಗೇ ಬೈದರು, ಹಾಲಿನ ಪಾತ್ರೆಗೆ ಮೆಣಸು ಹಾಕಿದ್ದಕ್ಕೆ.